ಫಾರ್ಮ್‌ನಲ್ಲಿ ಏಜೆಂಟ್ ಹೆಸರು ಹಾಕೋದು ಬೇಡ ಅಂತಿದ್ದಾರೆ: ಕೆನಡಾ ಸ್ಟಡಿ ಪರ್ಮಿಟ್, ಇದು ಸರೀನಾ?

ದಾವಣಗೆರೆ ದೋಸೆ

ತಂಗಿಗೆ ಒಂಟಾರಿಯೊದ ಒಂದು ಕಾಲೇಜಲ್ಲಿ ಡಿಪ್ಲೊಮಾ ನೋಡ್ತಿದ್ದೀವಿ. ಅದಕ್ಕೆ ಸ್ಟಡಿ ಪರ್ಮಿಟ್ (ಅಲ್ಲಿ ಓದೋಕೆ ಕೆನಡಾ ಕೊಡೋ ಅನುಮತಿ) ಬೇಕು. ಇಲ್ಲಿನ ಒಂದು ಕನ್ಸಲ್ಟನ್ಸಿಯಲ್ಲಿ ವಿಚಾರಿಸಿಕೊಂಡು ಬಂದೆ. ಇನ್ನೂ ದುಡ್ಡು ಕೊಟ್ಟಿಲ್ಲ. ಅವರು ಹೇಳಿದ್ದನ್ನ ಹಾಗ್‌ಹಾಗೇ ಬರೀತೀನಿ. ಯಾವುದು ಮಾಮೂಲಿ, ಯಾವುದು ಎಡವಟ್ಟು ಅಂತ ತಿಳಿದವರು ಹೇಳಿ.

ಒಟ್ಟು ಎರಡೂವರೆ ಲಕ್ಷ. 50 ಸಾವಿರ ಈಗ, ಉಳಿದ 2 ಲಕ್ಷ ವೀಸಾ ಕೈಗೆ ಬಂದ ಮೇಲೆ. ಅರ್ಜಿ ತಂಗಿ ಹೆಸರಲ್ಲೇ, ಅವಳೇ ಹಾಕಿದ ಹಾಗೆ ಹೋಗುತ್ತಂತೆ. ಏಜೆಂಟ್ ಹೆಸರು ಬಂದ್ರೆ ಆಫೀಸರ್‌ಗೆ ಡೌಟ್ ಬರುತ್ತೆ ಅಂತಾರೆ. ಅಕೌಂಟ್, ಇಮೇಲ್, ಪಾಸ್‌ವರ್ಡ್ ಎಲ್ಲ ಅವರೇ ಮಾಡ್ಕೋತಾರೆ. 2022ರಲ್ಲಿ ಆಸ್ಟ್ರೇಲಿಯಾಕ್ಕೆ ಹಾಕಿದ್ದು ರಿಫ್ಯೂಸ್ ಆಗಿತ್ತು ಅಂದೆ. "ಅದನ್ನ ಎತ್ತೋದೇ ಬೇಡ, ಬೇರೆ ದೇಶದ್ದು ಇವರಿಗೆ ಹೇಗೆ ಗೊತ್ತಾಗುತ್ತೆ" ಅಂದ್ರು. ಒರಿಜಿನಲ್ ಪಾಸ್‌ಪೋರ್ಟ್ ಕೊಟ್ಟು ಹೋಗಿ ಅಂದ್ರು. ಲೈಸೆನ್ಸ್ ಇದೆಯಾ ಅಂತ ಕೇಳಿದ್ದಕ್ಕೆ ಗೋಡೆ ಕಡೆ ಕೈ ತೋರಿಸಿದ್ರು: ಜಿಎಸ್‌ಟಿ ಸರ್ಟಿಫಿಕೇಟ್, ಪಾಲಿಕೆಯ ಟ್ರೇಡ್ ಲೈಸೆನ್ಸ್, ಮೂರ್ನಾಲ್ಕು ಕೆನಡಾ ಕಾಲೇಜುಗಳ ಸರ್ಟಿಫಿಕೇಟ್.

ಇಷ್ಟು ಸಾಕಲ್ವಾ?

ಕಡತ ಗುಮಾಸ್ತ

ಗೋಡೆಯಿಂದಲೇ ಶುರು ಮಾಡೋಣ. ಜಿಎಸ್‌ಟಿ ಇದ್ದರೆ ಅವರು ತೆರಿಗೆ ಕಟ್ಟುವವರು ಎಂದಷ್ಟೇ ಅರ್ಥ. ಟ್ರೇಡ್ ಲೈಸೆನ್ಸ್ ಅಂಗಡಿ ತೆರೆಯಲು, ಬೇಕರಿಗೂ ಅದೇ ಬೇಕು. ಕಾಲೇಜುಗಳ ಸರ್ಟಿಫಿಕೇಟ್ ಇದ್ದರೆ ಆ ಕಾಲೇಜಿಗೆ ವಿದ್ಯಾರ್ಥಿಗಳನ್ನು ಸೇರಿಸಿ ಕಮಿಷನ್ ಪಡೆಯಬಹುದು. ಯಾವ ಕೋರ್ಸು, ಯಾವ ಊರು, ಶುಲ್ಕ ಎಷ್ಟು ಅಂತ ಹೇಳಲು ಇದು ಸಾಕು. ಸ್ಟಡಿ ಪರ್ಮಿಟ್ ಅರ್ಜಿಯ ಬಗ್ಗೆ ದುಡ್ಡು ತೆಗೆದುಕೊಂಡು ಸಲಹೆ ಕೊಡಲು ಈ ಮೂರರಲ್ಲಿ ಯಾವುದೂ ಅನುಮತಿಯಲ್ಲ.

ಆ ಅನುಮತಿ ಬರುವುದು ಕೆನಡಾದ ವಲಸೆ ಕಾಯ್ದೆಯ 91ನೇ ಸೆಕ್ಷನ್‌ನಿಂದ. ದುಡ್ಡು ಅಥವಾ ಬೇರೆ ಪ್ರತಿಫಲ ಪಡೆದು ಅರ್ಜಿದಾರರ ಪರ ನಿಲ್ಲಬಹುದಾದವರು, ಸಲಹೆ ಕೊಡಬಹುದಾದವರು ಇಷ್ಟೇ ಜನ: ಕೆನಡಾದ ಯಾವುದಾದರೂ ಪ್ರಾಂತ್ಯದ ಲಾ ಸೊಸೈಟಿ ಸದಸ್ಯರಾದ ವಕೀಲರು (ಒಂಟಾರಿಯೊದಲ್ಲಿ ವಕೀಲರಲ್ಲದಿದ್ದರೂ ಕಾನೂನು ಸೇವೆಯ ಲೈಸೆನ್ಸ್ ಇರುವ ಪ್ಯಾರಾಲೀಗಲ್‌ಗಳೂ ಸೇರಿ), ಕ್ವಿಬೆಕ್‌ನ ನೋಟರಿಗಳು, ಮತ್ತು ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ಸದಸ್ಯರು. ಕೊನೆಯದು 2021ರ ನವೆಂಬರ್‌ನಲ್ಲಿ ಕೆಲಸ ಶುರು ಮಾಡಿದ ನಿಯಂತ್ರಣ ಸಂಸ್ಥೆ. ಹೆಸರಲ್ಲಿ ಕಾಲೇಜ್ ಎಂದಿದೆ, ಪಾಠ ಹೇಳುವ ಕಾಲೇಜಲ್ಲ. ಅದಕ್ಕೂ ಮೊದಲು ಈ ಕೆಲಸಕ್ಕೆ ಐಸಿಸಿಆರ್‌ಸಿ ಎಂಬ ಸಂಸ್ಥೆ ಇತ್ತು. ಇನ್ನೂ ಐಸಿಸಿಆರ್‌ಸಿ ಬೋರ್ಡ್ ಹಾಕಿಕೊಂಡವರಿದ್ದರೆ ಆ ಬೋರ್ಡ್ ಹಳೆಯದು ಅಂತ ತಿಳಿಯಿರಿ. ನಮ್ಮ ಬಾರ್ ಕೌನ್ಸಿಲ್ ವಕೀಲರು, ನೋಟರಿಗಳು ಈ ಪಟ್ಟಿಯಲ್ಲಿಲ್ಲ.

ಲೈಸೆನ್ಸ್ ಪಡೆದ ಕನ್ಸಲ್ಟೆಂಟ್‌ಗೆ ಆರ್ ಅಕ್ಷರ, ಅದರ ನಂತರ 6 ಅಂಕಿಗಳಿರುವ ನಂಬರ್ ಇರುತ್ತದೆ. ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಪಬ್ಲಿಕ್ ರಿಜಿಸ್ಟರ್ ಇದೆ, ಯಾರು ಬೇಕಾದರೂ ನೋಡಬಹುದು. ಹೆಸರಲ್ಲ, ನಂಬರ್ ಹಾಕಿ ಹುಡುಕಿ. ಬಂದ ಪುಟದಲ್ಲಿ ಸ್ಥಿತಿ ಏನಿದೆ ನೋಡಿ: ಆಕ್ಟಿವ್ ಇರಬೇಕು. ಅಮಾನತು, ರದ್ದು, ರಾಜೀನಾಮೆ ಎಂದಿದ್ದರೆ ಮುಗಿಯಿತು. ದರ್ಜೆಯನ್ನೂ ನೋಡಿ. ಕೆಲವರಿಗೆ ವಿದ್ಯಾರ್ಥಿ ವೀಸಾ ಬಗ್ಗೆ ಮಾತ್ರ ಸಲಹೆ ಕೊಡುವ ಸೀಮಿತ ಪರವಾನಗಿ ಇರುತ್ತದೆ. ಅಂಥವರು ಪಿಆರ್ (ಕಾಯಂ ವಾಸದ ಅನುಮತಿ) ಫೈಲ್ ಹಿಡಿಯುವಂತಿಲ್ಲ.

ಇದಾದ ಮೇಲೆ ಹೆಚ್ಚಿನವರು ಬಿಟ್ಟುಬಿಡುವ ಒಂದು ಹೆಜ್ಜೆ ಇದೆ. ನಂಬರ್ ನಿಜವೇ ಇರಬಹುದು, ಆದರೆ ಎದುರಿಗೆ ಕೂತವರದ್ದೇ ಆಗಿರಬೇಕೆಂದಿಲ್ಲ. ಬೇರೆಯವರ ನಂಬರನ್ನು ವಿಸಿಟಿಂಗ್ ಕಾರ್ಡ್‌ನಲ್ಲಿ ಅಚ್ಚು ಹಾಕಿಸಿಕೊಳ್ಳುವುದು ಹಳೇ ಕಸುಬು. ಆದ್ದರಿಂದ ರಿಜಿಸ್ಟರ್‌ನಲ್ಲಿರುವ ಇಮೇಲ್‌ಗೆ ಬರೆದು, ಇಂಥ ಊರಿನ ಇಂಥ ಆಫೀಸ್ ನಿಮ್ಮ ಹೆಸರಲ್ಲಿ ಕೆಲಸ ಮಾಡುತ್ತಿದೆಯೇ ಅಂತ ಕೇಳಿ. ಕಾರ್ಡ್‌ನಲ್ಲಿರುವ ಇಮೇಲ್‌ಗೆ ಬರೆದರೆ ಉತ್ತರ ಕೊಡುವವನು ಕಾರ್ಡ್ ಕೊಟ್ಟವನೇ.

ಈಗ ಹೆಸರು ಹಾಕಬೇಡಿ ಅಂದಿದ್ದು ಯಾಕೆ? ಪ್ರತಿನಿಧಿ ಇದ್ದರೆ ಐಎಂಎಂ 5476 ಅನ್ನುವ ಫಾರ್ಮ್ ಹಾಕಬೇಕು. ಅದರಲ್ಲಿ ಪ್ರತಿನಿಧಿಯ ಹೆಸರು, ದುಡ್ಡು ತೆಗೆದುಕೊಂಡಿದ್ದಾರೋ ಇಲ್ಲವೋ, ತೆಗೆದುಕೊಂಡಿದ್ದರೆ ಸದಸ್ಯತ್ವದ ನಂಬರ್, ಇಬ್ಬರ ಸಹಿ, ಎಲ್ಲ ಬರುತ್ತದೆ. ನಂಬರ್ ಇಲ್ಲದವನು ಆ ಕಾಲಂನಲ್ಲಿ ಏನು ಬರೆದಾನು? ಹಾಗಾಗಿ ಫಾರ್ಮೇ ಬೇಡ ಅನ್ನುತ್ತಾನೆ. ಲೈಸೆನ್ಸ್ ಇರುವ ಪ್ರತಿನಿಧಿಯ ಹೆಸರು ನೋಡಿ ಯಾವ ಆಫೀಸರ್‌ಗೂ ಅನುಮಾನ ಬರುವುದಿಲ್ಲ. ಎಷ್ಟೋ ಅರ್ಜಿಗಳು ಹಾಗೇ ಹೋಗುತ್ತವೆ. ಲೈಸೆನ್ಸಿನವರಿಗೆ ಕೆನಡಾದ ವಲಸೆ ಇಲಾಖೆಯ ಪ್ರತ್ಯೇಕ ಪೋರ್ಟಲ್ಲೇ ಇದೆ, ಅವರು ತಮ್ಮದೇ ಲಾಗಿನ್‌ನಿಂದ ಫೈಲ್ ಹಾಕುತ್ತಾರೆ.

ಅಣ್ಣನೋ ಸ್ನೇಹಿತನೋ ಬಿಟ್ಟಿಯಾಗಿ ಸಹಾಯ ಮಾಡಿದರೆ ಅದು ಬೇರೆ ಮಾತು, ಅದಕ್ಕೆ ಅವಕಾಶ ಇದೆ. ಅವರು ನಿಮ್ಮ ಪರವಾಗಿ ಇಲಾಖೆಯೊಂದಿಗೆ ವ್ಯವಹರಿಸುವುದಾದರೆ ಅವರ ಹೆಸರನ್ನೂ ಅದೇ ಫಾರ್ಮ್‌ನಲ್ಲಿ ಹಾಕಬೇಕು.

ಇನ್ನು ಆ "ಉಳಿದದ್ದು ವೀಸಾ ಬಂದ ಮೇಲೆ" ಅನ್ನುವ ಮಾತು. ಕೇಳಲು ನಮಗೇ ಲಾಭ ಅನ್ನಿಸುತ್ತದೆ. ನನಗೆ ಇಡೀ ಪ್ರಸ್ತಾಪದಲ್ಲಿ ಅತಿ ಕೆಟ್ಟದ್ದು ಅನ್ನಿಸಿದ್ದು ಇದೇ. ವೀಸಾ ಬಂದರೆ 2 ಲಕ್ಷ, ಬರದಿದ್ದರೆ ಸೊನ್ನೆ ಅಂದಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಸ್ವಲ್ಪ ಕಡಿಮೆ ಬಿದ್ದರೆ ಅವನು ಏನು ಮಾಡುತ್ತಾನೆ? ತಿದ್ದುತ್ತಾನೆ. ಕೆಲಸದ ಅನುಭವದಲ್ಲಿ ಒಂದು ವರ್ಷ ಖಾಲಿ ಇದ್ದರೆ ಯಾವುದೋ ಕಂಪನಿಯ ಲೆಟರ್‌ಹೆಡ್ ಹುಟ್ಟಿಸುತ್ತಾನೆ. ಸಿಕ್ಕಿಬಿದ್ದರೆ ಅವನ ಹೆಸರು ಫೈಲ್‌ನಲ್ಲಿ ಎಲ್ಲೂ ಇಲ್ಲ. ಕೆಳಗೆ "ಇಲ್ಲಿ ಹೇಳಿದ್ದೆಲ್ಲ ಸತ್ಯ" ಅಂತ ಸಹಿ ಇರುವುದು ನಿಮ್ಮ ತಂಗಿಯದು.

ಧಾರವಾಡದ ಪೇಢೆ

ಗುಮಾಸ್ತರು ಸರಿ ಹೇಳ್ಯಾರ. ಇಮೇಲ್, ಪಾಸ್‌ವರ್ಡ್ ವಿಷಯ ಮಾತ್ರ ನಾ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಮಂದಿ ಇದನ್ನ ಸಣ್ಣ ವಿಷಯ ಅಂತ ತಿಳೀತಾರ.

ಏಜೆಂಟ್ ತನ್ನ ಇಮೇಲ್ ಹಾಕಿ ನಿಮ್ಮ ಹೆಸರಿನ್ಯಾಗ ಅಕೌಂಟ್ ತೆಗೀತಾನ. ಸೆಕ್ಯುರಿಟಿ ಪ್ರಶ್ನೆಗೂ ಅವನೇ ಉತ್ತರ ತುಂಬ್ತಾನ. ಇಲಾಖೆ ಕಡೆಯಿಂದ ಏನ್ ಬಂದ್ರೂ ಅಲ್ಲಿಗೇ ಬರ್ತದ: ಬಯೋಮೆಟ್ರಿಕ್ಸ್ (ಬೆರಳಚ್ಚು, ಫೋಟೋ) ಕೊಡ್ರಿ ಅನ್ನೋ ಪತ್ರ, ಮೆಡಿಕಲ್ ಮಾಡಿಸ್ರಿ ಅನ್ನೋ ಪತ್ರ, ಇನ್ನೊಂದು ದಾಖಲೆ ಕೊಡ್ರಿ ಅನ್ನೋ ಪತ್ರ. ಬಯೋಮೆಟ್ರಿಕ್ಸ್‌ಗೆ 30 ದಿನ ಟೈಮ್. ಅವ ಫೋನ್ ಎತ್ತಲಿಲ್ಲಂದ್ರ ಆ ದಿನ ಹಂಗೇ ಹೋಗಿಬಿಡ್ತಾವ.

ಎಲ್ಲಕ್ಕಿಂತ ದೊಡ್ಡದು ಪ್ರೊಸೀಜರಲ್ ಫೇರ್‌ನೆಸ್ ಲೆಟರ್ ಅಂತ ಒಂದು ಬರ್ತದ. "ನಿಮ್ಮ ಇಂಥಾ ದಾಖಲೆ ಮ್ಯಾಲೆ ನಮಗ ಸಂಶಯ ಅದ, ಇಂಥಾ ತಾರೀಖಿನೊಳಗ ಉತ್ತರ ಕೊಡ್ರಿ" ಅಂತ ಆಫೀಸರ್ ಬರೆಯೋ ಪತ್ರ ಅದು. ಅರ್ಜಿದಾರರಿಗೆ ತಮ್ಮ ಮಾತು ಹೇಳಾಕ ಸಿಗೋ ಒಂದೇ ಅವಕಾಶ. ದಾಖಲೆ ತಿದ್ದಿದ ಏಜೆಂಟ್ ಆ ಪತ್ರ ನಿಮಗ ತೋರಿಸ್ತಾನೇನ್ರಿ? ಸುಮ್ಮ ಮುಚ್ಚಿಡ್ತಾನ, ಇಲ್ಲಾಂದ್ರ ತಾನೇ ಏನರೆ ಬರೆದು ಕಳಸ್ತಾನ. ನಿಮಗ ಗೊತ್ತಾಗೋದು ಕಡೀಗೆ ರಿಫ್ಯೂಸಲ್ ಬಂದಾಗ, ಅದೂ ಅವ ಹೇಳಿದ್ರ.

ಪಾಸ್‌ಪೋರ್ಟ್ ಒರಿಜಿನಲ್ ಕೊಡಬ್ಯಾಡ್ರಿ. ಆನ್‌ಲೈನ್ ಅರ್ಜಿಗೆ ಸ್ಕ್ಯಾನ್ ಮಾಡಿದ ಪುಟ ಸಾಕು. ಬಯೋಮೆಟ್ರಿಕ್ಸ್‌ಗೆ, ವೀಸಾ ಅರ್ಜಿ ಕೆಲಸ ನೋಡೋ ವಿಎಫ್‌ಎಸ್ ಸೆಂಟರ್‌ಗೆ ನಿಮ್ಮ ತಂಗೀನೇ ಹೋಗಬೇಕು, ಪಾಸ್‌ಪೋರ್ಟ್ ಅವರ ಕೈಯಾಗೇ ಇರ್ತದ. ಅರ್ಜಿ ಒಪ್ಪಿಗೆ ಆದ ಮ್ಯಾಲೆ ಪಾಸ್‌ಪೋರ್ಟ್ ಕೊಡ್ರಿ ಅಂತ ಇಲಾಖೆ ಪತ್ರ ಕಳಸ್ತದ, ಆಗ ವಿಎಫ್‌ಎಸ್‌ಗೆ ಕೊಡೋದು. ನಡುವ ಏಜೆಂಟನ ಕಪಾಟಿನ್ಯಾಗ ಇರಬೇಕಾದ ಕೆಲಸ ಯಾವ ಹಂತದಾಗೂ ಇಲ್ಲ. ಬಾಕಿ ರೊಕ್ಕ ವಸೂಲಿ ಮಾಡಾಕ ಒತ್ತೆ ಇಟ್ಕೊಳ್ಳೋದು ಅಷ್ಟೇ.

ಮೈಸೂರು ಪಾಕ

ಆಸ್ಟ್ರೇಲಿಯಾ ರಿಫ್ಯೂಸಲ್ ಮುಚ್ಚಿಡಿ ಅಂದಿದ್ದು ಇದರಲ್ಲಿ ಅತ್ಯಂತ ಅಪಾಯದ ಸಲಹೆ. ಯಾಕೆ ಅಂತ ಸರಿಯಾಗಿ ತಿಳ್ಕೊಳ್ಳಿ.

ಫಾರ್ಮ್‌ನಲ್ಲಿ ಇರೋ ಪ್ರಶ್ನೆ ಕೆನಡಾದ ಬಗ್ಗೆ ಮಾತ್ರ ಅಲ್ಲ. ಕೆನಡಾ ಅಥವಾ ಬೇರೆ ಯಾವುದೇ ದೇಶ ಯಾವತ್ತಾದರೂ ವೀಸಾ ನಿರಾಕರಿಸಿದೆಯಾ, ಒಳಗೆ ಬಿಡದೆ ಕಳಿಸಿದೆಯಾ, ದೇಶ ಬಿಡಲು ಹೇಳಿದೆಯಾ ಅಂತ ಕೇಳ್ತಾರೆ. ಕೆನಡಾ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳ ನಡುವೆ ವಲಸೆ ಮಾಹಿತಿ ವಿನಿಮಯ ಇದೆ, ಬೆರಳಚ್ಚಿನ ಆಧಾರದ ಮೇಲೆ ತಾಳೆ ನೋಡ್ತಾರೆ. ಅಂದರೆ "ಇವರಿಗೆ ಹೇಗೆ ಗೊತ್ತಾಗುತ್ತೆ" ಅನ್ನೋದಕ್ಕೆ ಉತ್ತರ: ತಂಗಿ ವಿಎಫ್‌ಎಸ್‌ನಲ್ಲಿ ಬೆರಳು ಒತ್ತಿದಾಗ ಗೊತ್ತಾಗುತ್ತೆ.

ಹಳೇ ರಿಫ್ಯೂಸಲ್ ಇದೆ ಅನ್ನೋ ಒಂದೇ ಕಾರಣಕ್ಕೆ ವೀಸಾ ತಪ್ಪಲ್ಲ. ಅದನ್ನ ಮುಚ್ಚಿಟ್ಟರೆ ತಪ್ಪುತ್ತೆ, ಜೊತೆಗೆ ಕಾಯ್ದೆಯ 40ನೇ ಸೆಕ್ಷನ್ ಬೀಳುತ್ತೆ: ಸುಳ್ಳು ಹೇಳಿದ್ದಕ್ಕೆ 5 ವರ್ಷ ಕೆನಡಾಕ್ಕೆ ಅನರ್ಹ. ಆ 5 ವರ್ಷದಲ್ಲಿ ಪಿಆರ್ ಅರ್ಜಿನೂ ಹಾಕುವಂತಿಲ್ಲ. "ನನಗೆ ಗೊತ್ತಿರಲಿಲ್ಲ, ಏಜೆಂಟ್ ತುಂಬಿದ್ದು" ಅಂದ್ರೆ ನಡೆಯೋದು ಬಹಳ ಅಪರೂಪ. ಅರ್ಜಿಯಲ್ಲಿರೋ ಮಾತಿಗೆ ಅರ್ಜಿದಾರರೇ ಹೊಣೆ ಅನ್ನೋದು ಅಲ್ಲಿನ ಕೋರ್ಟುಗಳು ಮತ್ತೆ ಮತ್ತೆ ಹೇಳಿರೋ ಮಾತು. ಆಮೇಲೆ ಈ ಅನರ್ಹತೆ ಕೂಡ ಒಂದು ನಿರಾಕರಣೆಯೇ. ಮುಂದೆ ಬ್ರಿಟನ್‌ಗೋ ಅಮೆರಿಕಕ್ಕೋ ಹಾಕಿದಾಗ ಅದನ್ನೂ ಬರೀಬೇಕು.

ಹೇಳೋದು ಹೀಗೆ: ಆ ಪ್ರಶ್ನೆಗೆ ಹೌದು ಅಂತ ಹಾಕಿ. ವಿವರದ ಜಾಗದಲ್ಲಿ ದೇಶ, ತಿಂಗಳು ವರ್ಷ, ವೀಸಾ ಯಾವುದು, ಪತ್ರದಲ್ಲಿ ಕೊಟ್ಟ ಕಾರಣ, ಇಷ್ಟನ್ನ ಎರಡು ಮೂರು ಸಾಲಲ್ಲಿ ಬರೀರಿ. ಆಸ್ಟ್ರೇಲಿಯಾದ ನಿರಾಕರಣೆ ಪತ್ರ ಲಗತ್ತಿಸಿ. ಅವತ್ತಿನ ಕಾರಣ ಈಗ ಹೇಗೆ ಬದಲಾಗಿದೆ (ಹಣದ ದಾಖಲೆ ಕಡಿಮೆ ಇತ್ತು, ಈಗ ಇಷ್ಟಿದೆ ಅನ್ನೋ ಥರ) ಅಂತ ವಿವರಣೆ ಪತ್ರದಲ್ಲಿ ಒಂದು ಪ್ಯಾರಾ ಸಾಕು. ಕಥೆ ಬೇಡ. ಅಂದಹಾಗೆ ಆಸ್ಟ್ರೇಲಿಯಾ ಅರ್ಜಿಯನ್ನೂ ಇಂಥವರೇ ತುಂಬಿದ್ದರೆ ಅದರ ಪ್ರತಿ ತರಿಸಿ ನೋಡಿ. ಅಲ್ಲಿ ಬರೆದ ಓದು, ಕೆಲಸ, ಮದುವೆ ವಿವರ ಇಲ್ಲಿಗೆ ಹೊಂದಿಕೆ ಆಗದಿದ್ದರೆ ಅದೇ ಇನ್ನೊಂದು ತಲೆನೋವು.

ದಾವಣಗೆರೆ ದೋಸೆ

ಎಲ್ಲರಿಗೂ ಥ್ಯಾಂಕ್ಸ್. ಪಾಸ್‌ಪೋರ್ಟ್ ಮನೇಲೇ ಇದೆ. ಒಂದು ಡೌಟ್: ಹೇಗೋ ವೀಸಾ ಬಂದುಬಿಟ್ಟರೆ ಆಮೇಲೆ ತೊಂದರೆ ಇಲ್ಲ ತಾನೇ? ಅವರ ಆಫೀಸಲ್ಲಿ ವೀಸಾ ಸಿಕ್ಕವರ ಫೋಟೋ ತುಂಬಾ ಹಾಕಿದ್ದಾರೆ. ಇನ್ನೊಂದು, ಪರಿಚಯದವರ ಮಗನ ಫೈಲ್ ಆಗಲೇ ಅಲ್ಲಿಂದ ಹೋಗಿದೆ. ಅವರು ಈಗ ಏನು ಮಾಡಬಹುದು?

ಕಡತ ಗುಮಾಸ್ತ

ಮೊದಲನೆಯದಕ್ಕೆ 2023ರ ಪ್ರಕರಣವೇ ಉತ್ತರ. ಅದರಲ್ಲಿ ಸಿಕ್ಕಿಕೊಂಡವರು ಬಹುಪಾಲು ಪಂಜಾಬ್ ಕಡೆಯ ವಿದ್ಯಾರ್ಥಿಗಳು. ಏಜೆಂಟ್ ಕೊಟ್ಟಿದ್ದ ಕಾಲೇಜಿನ ಪ್ರವೇಶ ಪತ್ರವೇ ನಕಲಿ. ವೀಸಾ ಬಂತು, ವಿಮಾನ ಹತ್ತಿದರು. ಇಳಿದ ಮೇಲೆ "ಆ ಕಾಲೇಜಲ್ಲಿ ಸೀಟು ತುಂಬಿದೆ, ಬೇರೆ ಕಡೆ ಸೇರಿ" ಎಂಬ ಫೋನ್. ಬೇರೆ ಕಾಲೇಜಲ್ಲಿ ಓದಿ ಮುಗಿಸಿದರು, ಕೆಲವರು ಕೆಲಸಕ್ಕೂ ಸೇರಿದರು. ವರ್ಷಗಳ ಮೇಲೆ ಪಿಆರ್‌ಗೆ ಅರ್ಜಿ ಹಾಕಿದಾಗ ಹಳೇ ಫೈಲ್ ತೆರೆದರು, ಪತ್ರ ನಕಲಿ ಎಂದು ಗೊತ್ತಾಯಿತು, ದೇಶ ಬಿಡುವ ಪ್ರಕ್ರಿಯೆ ಶುರುವಾಯಿತು. ಪ್ರತಿಭಟನೆಗಳಾದ ಮೇಲೆ ಸರ್ಕಾರ ಒಂದು ಕಾರ್ಯಪಡೆ ಮಾಡಿ ಒಬ್ಬೊಬ್ಬರ ಫೈಲನ್ನೂ ಬೇರೆ ಬೇರೆ ನೋಡಬೇಕಾಯಿತು. ಸುಳ್ಳಿಗೆ ಅವಧಿ ಮುಗಿಯುವ ದಿನಾಂಕ ಇಲ್ಲ. ಪಿಆರ್ ಬಂದ ಮೇಲೂ ಹಿಂದಿನ ಸುಳ್ಳು ಹೊರಬಿದ್ದರೆ ಅದನ್ನು ಕಳೆದುಕೊಳ್ಳಬಹುದು.

ಆ ಪ್ರಕರಣದ ನಂತರ 2023ರ ಡಿಸೆಂಬರ್ 1ರಿಂದ ಇಲಾಖೆ ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜಿಗೇ ಕಳಿಸಿ ಕೇಳುತ್ತದೆ. ಕಾಲೇಜು 10 ದಿನದೊಳಗೆ ಹೌದು ಎನ್ನದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ನಕಲಿ ಪತ್ರದ ದಂಧೆ ಮೊದಲಿನಷ್ಟು ಸುಲಭವಿಲ್ಲ. ಈಗ ಕೈಚಳಕ ನಡೆಯುವುದು ಹಣದ ದಾಖಲೆಯಲ್ಲಿ, ಅನುಭವ ಪತ್ರದಲ್ಲಿ, ಮುಚ್ಚಿಟ್ಟ ರಿಫ್ಯೂಸಲ್‌ಗಳಲ್ಲಿ. ನೀವೂ ತಾಳೆ ನೋಡಿ: ಕಾಲೇಜಿನ ವೆಬ್‌ಸೈಟಿನಿಂದಲೇ ಅಂತಾರಾಷ್ಟ್ರೀಯ ವಿದ್ಯಾರ್ಥಿ ವಿಭಾಗದ ಇಮೇಲ್ ತೆಗೆದುಕೊಂಡು, ಸ್ಟೂಡೆಂಟ್ ನಂಬರ್ ಹಾಕಿ ಕೇಳಿದರೆ ಉತ್ತರ ಬರುತ್ತದೆ. ಶುಲ್ಕವನ್ನು ಕಾಲೇಜಿನ ಪೋರ್ಟಲ್‌ನಿಂದಲೇ ಕಟ್ಟಿ. ಏಜೆಂಟ್ ಖಾತೆಗೆ ಹಾಕಿ "ಅವರೇ ಕಟ್ಟುತ್ತಾರೆ" ಎನ್ನಬೇಡಿ.

ಎರಡನೆಯದು, ಆಗಲೇ ಹೋದ ಫೈಲ್. ನಾನಾದರೆ ಈ ಕ್ರಮದಲ್ಲಿ ಹೋಗುತ್ತೇನೆ. ಮೊದಲು ಏಜೆಂಟ್ ಹತ್ತಿರ ಜಗಳಕ್ಕೆ ನಿಲ್ಲದೆ, ಸಲ್ಲಿಸಿದ ಎಲ್ಲ ಫಾರ್ಮ್‌ಗಳ ಪಿಡಿಎಫ್, ಅಪ್‌ಲೋಡ್ ಮಾಡಿದ ಎಲ್ಲ ದಾಖಲೆ, ಶುಲ್ಕದ ರಸೀದಿ, ಅರ್ಜಿ ನಂಬರ್, ಯುಸಿಐ ನಂಬರ್ (ಇಲಾಖೆ ಪ್ರತಿ ಅರ್ಜಿದಾರರಿಗೆ ಕೊಡುವ ಗುರುತಿನ ಸಂಖ್ಯೆ) ಕೇಳಿ ಪಡೆಯುವುದು. ಜಗಳವಾದರೆ ಇವು ಯಾವುವೂ ಸಿಗುವುದಿಲ್ಲ. ಕೊಡದಿದ್ದರೆ ಇಲಾಖೆಯಿಂದಲೇ ತರಿಸಿಕೊಳ್ಳಬಹುದು. 2022ರಿಂದ ಕೆನಡಾದ ಹೊರಗಿರುವವರೂ ಅಲ್ಲಿನ ಪ್ರೈವೆಸಿ ಕಾಯ್ದೆಯಡಿ ತಮ್ಮ ಫೈಲಿನ ಪ್ರತಿ ಕೇಳಬಹುದು, ಶುಲ್ಕವಿಲ್ಲ. ಉತ್ತರಕ್ಕೆ 30 ದಿನ ಎನ್ನುತ್ತಾರೆ, ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ ಎಂದುಕೊಳ್ಳಿ.

ಜೊತೆಗೇ ಸ್ವಂತ ಇಮೇಲ್‌ನಲ್ಲಿ ಸ್ವಂತ ಅಕೌಂಟ್ ತೆರೆದು, ಇಲಾಖೆಯ ವೆಬ್‌ಫಾರ್ಮ್ ಮೂಲಕ ಸಂಪರ್ಕ ಇಮೇಲ್ ಬದಲಿಸಲು ಬರೆಯಿರಿ. ಫೈಲಿನಲ್ಲಿ ತಪ್ಪು ಕಂಡರೆ ಅದೇ ವೆಬ್‌ಫಾರ್ಮ್‌ನಲ್ಲಿ ಸರಿಪಡಿಸಿ: ಯಾವ ಪ್ರಶ್ನೆ, ಏನು ಬರೆದಿತ್ತು, ನಿಜ ಏನು, ತಪ್ಪು ಹೇಗಾಯಿತು, ಯಾರು ತುಂಬಿದರು. ಇದನ್ನು ಆಫೀಸರ್ ಪ್ರಶ್ನೆ ಎತ್ತುವ ಮೊದಲು ಮಾಡಬೇಕು. ಅವರು ಎತ್ತಿದ ಮೇಲೆ ಹೇಳಿದರೆ ಒಪ್ಪಿಕೊಂಡ ಹಾಗಾಗುತ್ತದೆ ಅಷ್ಟೆ. ಅರ್ಜಿ ವಾಪಸ್ ತೆಗೆದುಕೊಂಡರೆ ಎಲ್ಲ ಅಳಿಸಿಹೋಗುತ್ತದೆ ಎಂದೂ ತಿಳಿಯಬೇಡಿ. ಸುಳ್ಳಿನ ಅನುಮಾನ ಇರುವಾಗ ವಾಪಸಾತಿಯನ್ನು ಇಲಾಖೆ ಒಪ್ಪಲೇಬೇಕೆಂದಿಲ್ಲ. ಫೇರ್‌ನೆಸ್ ಲೆಟರ್ ಬಂದೇಬಿಟ್ಟಿದ್ದರೆ ಈ ಚರ್ಚೆ ಓದುತ್ತಾ ಕೂರದೆ ಅವತ್ತೇ ಲೈಸೆನ್ಸ್ ಇರುವ ವಕೀಲರನ್ನು ಹಿಡಿಯಿರಿ. ಆ ಉತ್ತರಕ್ಕೆ ಖರ್ಚು ಮಾಡಿದ ದುಡ್ಡು ದಂಡವಲ್ಲ.

ಕಬ್ಬನ್ ಪಾರ್ಕ್

ದುಡ್ಡು ಕೊಟ್ಟು ಸಿಕ್ಕಿಕೊಂಡವರಿಗೆ ಇಲ್ಲಿನ ದಾರಿ ಹೇಳ್ತೀನಿ. ಆನ್‌ಲೈನ್ ವಂಚನೆ ಆಗಿ ಯುಪಿಐ, ನೆಟ್‌ಬ್ಯಾಂಕಿಂಗ್‌ನಲ್ಲಿ ಹೋದ ದುಡ್ಡು ಇತ್ತೀಚಿನದ್ದಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗಂಟೆಗಳ ಲೆಕ್ಕ ಅದು, ಖಾತೆಯಲ್ಲಿ ದುಡ್ಡು ಇನ್ನೂ ಇದ್ದರೆ ತಡೆಹಿಡೀತಾರೆ. ವಂಚನೆಗೆ ಪೊಲೀಸ್ ಠಾಣೆಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 318, ದಾಖಲೆ ನಕಲಿ ಮಾಡಿದ್ದರೆ ಅದಕ್ಕೆ ಸಂಬಂಧಪಟ್ಟ ಸೆಕ್ಷನ್‌ಗಳೂ ಸೇರುತ್ತವೆ. "ಸೇವೆ ಸರಿ ಕೊಡಲಿಲ್ಲ, ದುಡ್ಡು ವಾಪಸ್ ಕೊಡ್ತಿಲ್ಲ" ಅನ್ನೋ ತಕರಾರಿಗೆ ಜಿಲ್ಲಾ ಗ್ರಾಹಕ ಆಯೋಗ ಹೆಚ್ಚು ಉಪಯೋಗಕ್ಕೆ ಬರುತ್ತೆ. ಪಾವತಿಸಿದ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ, 2 ವರ್ಷದೊಳಗೆ ಹಾಕಬೇಕು, ವಕೀಲರಿಲ್ಲದೆ ನೀವೇ ವಾದಿಸಬಹುದು.

ಇದೆಲ್ಲ ನಡೆಯೋದು ಕಾಗದ ಇದ್ದರೆ ಮಾತ್ರ. ನಗದು ಕೊಟ್ಟು, ವಾಟ್ಸಾಪ್ ಕಾಲ್‌ನಲ್ಲಿ ಮಾತಾಡಿದ್ದರೆ ಕೈಲಿ ಏನೂ ಇರಲ್ಲ. ರಸೀದಿಯಲ್ಲಿ "ಕೌನ್ಸೆಲಿಂಗ್ ಚಾರ್ಜಸ್" ಅಂತ ಬರೆದುಕೊಡೋದನ್ನ ಗಮನಿಸಿ. ನಾಳೆ ಆಯೋಗದ ಮುಂದೆ "ವೀಸಾ ಕೆಲಸಕ್ಕೆ ದುಡ್ಡೇ ತಗೊಂಡಿಲ್ಲ, ಬರೀ ಕೌನ್ಸೆಲಿಂಗ್ ಮಾಡಿದ್ದು" ಅನ್ನೋದಕ್ಕೇ ಅದು. ಸ್ಟಡಿ ಪರ್ಮಿಟ್ ಅರ್ಜಿ ತುಂಬಿ ಸಲ್ಲಿಸೋದಕ್ಕೆ ಅಂತ ರಸೀದಿಯಲ್ಲಿ ಬರೆಸಿ. ಲೈಸೆನ್ಸ್ ಇಲ್ಲದವನು ಹಾಗೆ ಬರೆದುಕೊಡಲ್ಲ. ಅಲ್ಲಿಗೆ ಪರೀಕ್ಷೆ ಆಯ್ತು.

ಪಂಜಾಬ್‌ನಲ್ಲಿ ಟ್ರಾವೆಲ್ ಏಜೆಂಟ್, ಕನ್ಸಲ್ಟನ್ಸಿಗಳಿಗೆ ಅಂತಲೇ 2012ರ ರಾಜ್ಯ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಅಂಗಡಿ ತೆಗೆಯೋ ಹಾಗಿಲ್ಲ. ನಮ್ಮಲ್ಲಿ ಕೆಲವರು "ಕೇಂದ್ರ ಸರ್ಕಾರದ ಲೈಸೆನ್ಸ್ ಇದೆ" ಅಂತ ತೋರಿಸೋದು ವಿದೇಶಾಂಗ ಸಚಿವಾಲಯದ ರಿಕ್ರೂಟಿಂಗ್ ಏಜೆಂಟ್ ಲೈಸೆನ್ಸ್. ಅದು ಹೊರದೇಶದ ಕೆಲಸಕ್ಕೆ ಜನ ಸೇರಿಸೋದಕ್ಕೆ. ಓದು, ಪಿಆರ್‌ಗೂ ಅದಕ್ಕೂ ಸಂಬಂಧವಿಲ್ಲ.

ಮಲ್ಪೆ ಬಂದರು

ಮೇಲಿನವರು ಆ ಲೈಸೆನ್ಸ್ ಪ್ರಸ್ತಾಪಿಸಿದ್ದರಿಂದ ಗಲ್ಫ್ ಕಡೆಗೆ ಹೋಗುವವರಿಗೆ ನಾಲ್ಕು ಮಾತು. ನಮ್ಮ ಕರಾವಳಿಯಲ್ಲಿ ಕೆನಡಾಕ್ಕಿಂತ ಇದೇ ಹೆಚ್ಚು.

1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಹಾಗಿಲ್ಲ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಲೈಸೆನ್ಸ್ ಚಾಲ್ತಿಯಲ್ಲಿ ಇದೆಯೇ ಎಂದು ನೋಡಬಹುದು. ಅನಧಿಕೃತ ಏಜೆಂಟರ ಪಟ್ಟಿಯನ್ನೂ ಅಲ್ಲೇ ಹಾಕುತ್ತಾರೆ. "ನಾನು ಮುಂಬಯಿಯ ಏಜೆನ್ಸಿಯ ಸಬ್ ಏಜೆಂಟ್" ಎನ್ನುವವರಿಗೆ ಕಾಯ್ದೆಯಲ್ಲಿ ಜಾಗವೇ ಇಲ್ಲ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, 18% ಜಿಎಸ್‌ಟಿ ಸೇರಿ 35,400. ಅದಕ್ಕೂ ರಸೀದಿ ಕೊಡಬೇಕು. ಲಕ್ಷ, ಒಂದೂವರೆ ಲಕ್ಷ ಕೇಳಿದರೆ ಅಲ್ಲೇ ಎದ್ದು ಬನ್ನಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಬೇಕಾದ) ವರ್ಗದ್ದಾಗಿರುತ್ತದೆ. ಅಂಥವರು ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೇನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಇದನ್ನು ತಪ್ಪಿಸಲು ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸಿ "ಅಲ್ಲಿ ಹೋದ ಮೇಲೆ ಬದಲಿಸುತ್ತೇವೆ" ಎನ್ನುತ್ತಾರೆ. ಹಾಗೆ ಹೋದವರಿಗೆ ಇಲ್ಲಿ ದಾಖಲಾದ ಉದ್ಯೋಗ ಕರಾರು ಇರುವುದಿಲ್ಲ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ವಿಮೆಯೂ ಇರುವುದಿಲ್ಲ. ಆ ವಿಮೆಗೆ 2 ವರ್ಷಕ್ಕೆ ಕಂತು 275 ರೂಪಾಯಿ, ಎಷ್ಟು ಸಣ್ಣ ಮೊತ್ತ ನೋಡಿ. ವಿಸಿಟ್ ವೀಸಾ ಅವಧಿ ಮುಗಿದ ಮೇಲೆ ದಿನದ ಲೆಕ್ಕದಲ್ಲಿ ದಂಡ ಬೆಳೆಯುತ್ತದೆ, ಸಂಬಳ ಕೊಡದಿದ್ದರೆ ದೂರು ಕೊಡಲು ಹೋದವನೇ ಅಕ್ರಮವಾಗಿ ಕೆಲಸ ಮಾಡಿದವನಾಗುತ್ತಾನೆ. ಏಜೆಂಟ್ ಮೇಲಿನ ಶಿಕ್ಷೆಯೋ, 2 ವರ್ಷದವರೆಗೆ ಜೈಲು ಮತ್ತು 2,000 ರೂಪಾಯಿವರೆಗೆ ದಂಡ. ಹೌದು, ಎರಡು ಸಾವಿರವೇ. 1983ರಲ್ಲಿ ಬರೆದ ಮೊತ್ತ.

ಕಬ್ಬನ್ ಪಾರ್ಕ್

ಗಲ್ಫ್ ವಿಷಯಕ್ಕೆ ಬೇರೆ ಚರ್ಚೆ ತೆಗೆಯೋಣ ಮಲ್ಪೆಯವರೇ, ಚೆನ್ನಾಗಿದೆ, ಇಲ್ಲಿ ಕಳೆದುಹೋಗುತ್ತೆ.

ಸ್ಕಾರ್ಬರೊ ಸೋಮ

ಎಲ್ಲರೂ ಲೈಸೆನ್ಸ್ ಲೈಸೆನ್ಸ್ ಅಂತಿದ್ದೀರಿ, ನನ್ನ ತಕರಾರು ಬೇರೆ. ಸರಳ ಸ್ಟಡಿ ಪರ್ಮಿಟ್‌ಗೆ ಏಜೆಂಟೇ ಯಾಕೆ? ಸರ್ಕಾರಿ ಶುಲ್ಕ 150 ಕೆನಡಾ ಡಾಲರ್, ಬಯೋಮೆಟ್ರಿಕ್ಸ್ 85. ಎರಡೂ ಸೇರಿ ಹೆಚ್ಚುಕಡಿಮೆ 15 ಸಾವಿರ ರೂಪಾಯಿ. ಮೆಡಿಕಲ್ ದುಡ್ಡು ಇಲಾಖೆ ಗುರುತಿಸಿದ ಪ್ಯಾನೆಲ್ ಡಾಕ್ಟರ್‌ಗೆ ನೇರವಾಗಿ. ಪ್ರವೇಶ ಪತ್ರ, ಪ್ರಾಂತ್ಯದ ದೃಢೀಕರಣ ಪತ್ರ, ಹಣದ ದಾಖಲೆ, ವಿವರಣೆ ಪತ್ರ, ಇಷ್ಟೇ ಮುಖ್ಯ. ಪ್ರಾಂತ್ಯದ ಪತ್ರ 2024ರ ಜನವರಿಯಿಂದ ಬಂದ ನಿಯಮ, ಕಾಲೇಜೇ ಕೊಡಿಸುತ್ತೆ, ಅದಕ್ಕೆ ಏಜೆಂಟ್ ಬೇರೆ ದುಡ್ಡು ಕೇಳಿದ್ರೆ ಕೊಡಬೇಡಿ. ಹಣ: 2025ರ ಸೆಪ್ಟೆಂಬರ್ 1ರಿಂದ ಒಬ್ಬರಿಗೆ ಒಂದು ವರ್ಷದ ಜೀವನ ವೆಚ್ಚಕ್ಕೆ 22,895 ಡಾಲರ್ ತೋರಿಸಬೇಕು, ಮೊದಲ ವರ್ಷದ ಫೀಸು, ಪ್ರಯಾಣ ವೆಚ್ಚ ಬೇರೆ. ಇದು ಕ್ವಿಬೆಕ್ ಬಿಟ್ಟು ಉಳಿದ ಕಡೆಗೆ. ವಾರದ ಹಿಂದೆ ಯಾರಿಂದಲೋ ಬಂದು ಕೂತ 15 ಲಕ್ಷ ಆಫೀಸರ್ ಕಣ್ಣಿಗೆ ಬೀಳುತ್ತೆ. ಎಲ್ಲಿಂದ ಬಂತು ಅನ್ನೋ ಜಾಡು ಬೇಕು: ಸಾಲವಾದರೆ ಮಂಜೂರಾತಿ ಪತ್ರ, ಜಮೀನು ಮಾರಿದ್ದಾದರೆ ಕ್ರಯಪತ್ರ.

ಈಗಲೂ "ಎಸ್‌ಡಿಎಸ್‌ನಲ್ಲಿ ಹಾಕ್ತೀವಿ, 20 ದಿನದಲ್ಲಿ ವೀಸಾ" ಅನ್ನೋರಿದ್ದಾರೆ. ಅದು ವಿದ್ಯಾರ್ಥಿಗಳ ಅರ್ಜಿ ಬೇಗ ನೋಡೋ ಯೋಜನೆ, 2024ರ ನವೆಂಬರ್ 8ಕ್ಕೇ ಮುಗಿದಿದೆ. "ಎಲ್‌ಎಂಐಎ ಕೊಡಿಸ್ತೀವಿ, ಪಿಆರ್ ಪಾಯಿಂಟ್ ಜಾಸ್ತಿ ಬರುತ್ತೆ" ಅಂತ ಹತ್ತಿಪ್ಪತ್ತು ಲಕ್ಷ ಕೇಳೋರೂ ಇದ್ದಾರೆ. ಎಲ್‌ಎಂಐಎ ಅಂದ್ರೆ ವಿದೇಶಿ ಕೆಲಸಗಾರನನ್ನ ತಗೊಳ್ಳೋಕೆ ಮಾಲೀಕ ಪಡೆಯೋ ಒಪ್ಪಿಗೆ. ಪಾಯಿಂಟ್ ಲೆಕ್ಕದಲ್ಲಿ ಪಿಆರ್‌ಗೆ ಆರಿಸೋ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಕೆಲಸದ ಆಫರ್‌ಗೆ ಸಿಗ್ತಿದ್ದ ಪಾಯಿಂಟ್‌ನ 2025ರ ಮಾರ್ಚ್ 25ಕ್ಕೆ ತೆಗೆದುಹಾಕಿದ್ದಾರೆ. ಎಲ್‌ಎಂಐಎ ಶುಲ್ಕ 1,000 ಡಾಲರ್, ಕಟ್ಟೋದು ಮಾಲೀಕ, ಕೆಲಸಗಾರನಿಂದ ವಸೂಲಿ ಮಾಡೋ ಹಾಗಿಲ್ಲ.

ದೋಸೆಯವರೇ, ಇದಕ್ಕಿಂತ ಮುಖ್ಯ: ಯಾವ ಕೋರ್ಸು? ಡಿಪ್ಲೊಮಾ ಅಂದಿದ್ದೀರಿ. ಓದಾದ ಮೇಲೆ ಸಿಗೋ ವರ್ಕ್ ಪರ್ಮಿಟ್ ಎಲ್ಲ ಕೋರ್ಸಿಗೂ ಇಲ್ಲ. ಖಾಸಗಿ ಕಾಲೇಜು ಸರ್ಕಾರಿ ಕಾಲೇಜಿನ ಪಠ್ಯ ಎರವಲು ತಂದು ನಡೆಸೋ ಕೋರ್ಸುಗಳಿಗೆ 2024ರ ಮೇ 15ರಿಂದ ಈಚೆಗೆ ಸೇರಿದವರಿಗೆ ಅದು ಸಿಗಲ್ಲ. 2024ರ ನವೆಂಬರ್ 1ರಿಂದ ಈಚೆಗೆ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕೋರು ಡಿಗ್ರಿ ಅಲ್ಲದ ಕಾಲೇಜ್ ಕೋರ್ಸ್ ಮಾಡೋದಾದರೆ ಅದು ಸರ್ಕಾರದ ಪಟ್ಟಿಯಲ್ಲಿರೋ ವಿಷಯವೇ ಆಗಿರಬೇಕು. ಏಜೆಂಟ್‌ಗೆ ಯಾವ ಕಾಲೇಜು ಕಮಿಷನ್ ಜಾಸ್ತಿ ಕೊಡುತ್ತೋ ಅದೇ ಒಳ್ಳೇ ಕಾಲೇಜು. ಈ ತಪ್ಪಿಗೆ ಲೈಸೆನ್ಸ್ ಇದ್ದವರೂ ಹೊರತಲ್ಲ, ಅದಕ್ಕೇ ನನ್ನ ತಕರಾರು.

ಕಡತ ಗುಮಾಸ್ತ

ಸೋಮ ಅವರ ಮಾತು ಹಳೇ ರಿಫ್ಯೂಸಲ್ ಇಲ್ಲದ, ಓದಿನಲ್ಲಿ ದೊಡ್ಡ ಅಂತರ ಇಲ್ಲದ ಫೈಲ್‌ಗೆ ಪೂರ್ತಿ ಒಪ್ಪುತ್ತೇನೆ. ಈ ತಂಗಿಯ ಫೈಲ್‌ನಲ್ಲಿ ರಿಫ್ಯೂಸಲ್ ಇದೆ. ಒಂದು ಗಂಟೆಯ ಸಲಹೆಯನ್ನಾದರೂ ಲೈಸೆನ್ಸ್ ಇರುವವರಿಂದ ಪಡೆದು, ಅರ್ಜಿ ತಾವೇ ಹಾಕಿದರೆ ಸಾಕು.

ದಾವಣಗೆರೆ ದೋಸೆ

ಇವತ್ತು ಮತ್ತೆ ಹೋಗಿದ್ದೆ. 5476 ಫಾರ್ಮ್ ಬಗ್ಗೆ ಕೇಳಿದ ಕೂಡಲೇ ಮಾತಿನ ಧಾಟಿ ಬದಲಾಯ್ತು. "ನಮಗೆ ಕೆನಡಾದಲ್ಲಿ ಪಾರ್ಟ್‌ನರ್ ಇದ್ದಾರೆ, ಲೈಸೆನ್ಸ್ ಅವರದ್ದು" ಅಂತ ಒಂದು ಆರ್ ನಂಬರ್ ಕೊಟ್ಟರು. ರಿಜಿಸ್ಟರ್‌ನಲ್ಲಿ ಹಾಕಿದೆ. ಆಕ್ಟಿವ್ ಇದೆ, ಬ್ರಿಟಿಷ್ ಕೊಲಂಬಿಯಾದ ಒಬ್ಬ ಮಹಿಳೆ. ಆದರೂ ಫಾರ್ಮ್‌ನಲ್ಲಿ ಅವರ ಹೆಸರು ಹಾಕೋಕೆ ಇವರು ತಯಾರಿಲ್ಲ, "ಒಳಗಿಂದ ನೋಡ್ಕೋತಾರೆ" ಅಂತಾರೆ.

ಕಡತ ಗುಮಾಸ್ತ

ಒಳಗಿಂದ ನೋಡಿಕೊಳ್ಳುವುದು ಎಂಬ ವ್ಯವಸ್ಥೆ ಇಲ್ಲ. ಆ ಮಹಿಳೆ ನಿಜವಾಗಿಯೂ ಫೈಲ್ ನೋಡುವುದಾದರೆ ಮೂರು ಕಡೆ ಅವರು ಕಾಣಿಸಬೇಕು: ನಿಮ್ಮ ಜೊತೆಗಿನ ಲಿಖಿತ ಕರಾರಿನಲ್ಲಿ ಅವರ ಸಹಿ ಮತ್ತು ಒಟ್ಟು ಶುಲ್ಕ, 5476ರಲ್ಲಿ ಅವರ ಹೆಸರು ಮತ್ತು ನಂಬರ್, ಸಲ್ಲಿಸುವಾಗ ಅವರದೇ ಪೋರ್ಟಲ್. ಮುಂಗಡ ಕೊಟ್ಟರೆ ಅದು ಅವರ ಕ್ಲೈಂಟ್ ಖಾತೆಗೆ ಹೋಗಬೇಕು, ಇವರ ಫೋನ್‌ಪೇಗಲ್ಲ. ರಿಜಿಸ್ಟರ್‌ನಲ್ಲಿರುವ ಇಮೇಲ್‌ಗೆ ಇವತ್ತೇ ಬರೆಯಿರಿ, ಆಫೀಸಿನ ಹೆಸರು ಮತ್ತು ಅವರು ಕೊಟ್ಟ ಕಾರ್ಡಿನ ಫೋಟೋ ಸೇರಿಸಿ. ತಮ್ಮ ನಂಬರ್ ದಾವಣಗೆರೆಯಲ್ಲಿ ಓಡಾಡುತ್ತಿರುವುದು ಅವರಿಗೇ ಗೊತ್ತಿರಲಿಕ್ಕಿಲ್ಲ.

ದಾವಣಗೆರೆ ದೋಸೆ

ಬರೆದಿದ್ದೀನಿ. ಉತ್ತರ ಬಂದರೆ ಇಲ್ಲೇ ಹಾಕ್ತೀನಿ. ಸೋಮ ಅವರೇ, ಕೋರ್ಸ್ ಹೋಟೆಲ್ ಮ್ಯಾನೇಜ್‌ಮೆಂಟ್, ಖಾಸಗಿ ಕಾಲೇಜು. ಪಟ್ಟಿಯಲ್ಲಿ ಇದೆಯಾ ಅಂತ ಎಲ್ಲಿ ನೋಡಲಿ?

ಸ್ಕಾರ್ಬರೊ ಸೋಮ

ಮೊದಲು ಸರ್ಕಾರದ ಡಿಎಲ್‌ಐ ಪಟ್ಟಿ (ವಿದೇಶಿ ವಿದ್ಯಾರ್ಥಿಗಳನ್ನ ಸೇರಿಸ್ಕೊಳ್ಳೋಕೆ ಅನುಮತಿ ಇರೋ ಕಾಲೇಜುಗಳದ್ದು) ತೆಗೆದು ಒಂಟಾರಿಯೊ ಆರಿಸಿ, ಕಾಲೇಜು ಹುಡುಕಿ. ಕಾಲೇಜಿನ ಡಿಎಲ್‌ಐ ನಂಬರ್ ಶುರುವಾಗೋದು ಇಂಗ್ಲಿಷಿನ ಓ ಅಕ್ಷರದಿಂದ, ಸೊನ್ನೆಯಿಂದಲ್ಲ, ಫಾರ್ಮ್ ತುಂಬುವಾಗ ಜನ ಎಡವೋದು ಇಲ್ಲೇ. ಅದೇ ಸಾಲಲ್ಲಿ ಓದಿನ ನಂತರದ ವರ್ಕ್ ಪರ್ಮಿಟ್ ಸಿಗೋ ಕೋರ್ಸುಗಳಿವೆಯಾ ಅನ್ನೋ ಕಾಲಂ ಇದೆ. ಖಾಸಗಿ ಕಾಲೇಜು ಅಂದರೆ ಹೆಚ್ಚಿನಂಶ ಅಲ್ಲೇ "ಇಲ್ಲ" ಅಂತ ಬರುತ್ತೆ. ಬಂದರೆ ಕೋರ್ಸ್ ಕೋಡ್ ಹುಡುಕೋ ಕೆಲಸವೂ ಉಳಿಯಲ್ಲ. "ಹೌದು" ಅಂತ ಬಂದರೆ ಮಾತ್ರ ಕಾಲೇಜಿಗೆ ಬರೆದು ಕೋರ್ಸಿನ 6 ಅಂಕಿಯ ಸಿಐಪಿ ಕೋಡ್ (ಯಾವ ವಿಷಯದ ಕೋರ್ಸ್ ಅಂತ ಹೇಳೋ ಸಂಖ್ಯೆ) ಕೇಳಿ, ಅದನ್ನ ಇಲಾಖೆಯ ವಿಷಯಗಳ ಪಟ್ಟಿಯಲ್ಲಿ ಹುಡುಕಿ.